ಗದ್ದ ಸ್ವಲ್ಪ ಕೆಳಗೆ

ಜೂನ್ 3

ಅಪ್ಪಾ,

ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು", "ಮತ್ತೆ?" ಎನ್ನುವುದರಿಂದ ಮುಂದೆ ಹೋದದ್ದೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆ. ನಿನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎನ್ನುವುದು ಊರಿಗೇ ಗೊತ್ತು, ನಾನು ಹೇಗೋ ಓದಿಕೊಳ್ಳುತ್ತೇನೆ.

ಆಸ್ಪತ್ರೆಯಲ್ಲಿ ನನ್ನ ಕೋಣೆ ನೆಲಮಹಡಿಯಲ್ಲಿದೆ, ಗಾಯದ ಕಟ್ಟು ಬದಲಿಸುವ ಕೋಣೆಗೂ ಬಟ್ಟೆ ಒಗೆಯುವ ಕೋಣೆಗೂ ನಡುವೆ. ಈ ಕಡೆಯಿಂದ ಡೆಟಾಲ್ ವಾಸನೆ, ಆ ಕಡೆಯಿಂದ ಸೋಪಿನ ವಾಸನೆ. ಒಂದು ಸ್ಟೂಲು, ಒಂದು ನೀಲಿ ಪರದೆ, ಗೋಡೆಗೆ ಒಂದು ಟ್ಯೂಬ್‌ಲೈಟು. ಸುಟ್ಟ ಗಾಯ, ಹೊಲಿದ ಗಾಯ, ಮಾಗುತ್ತಿರುವ ಗಾಯ, ಎಲ್ಲವನ್ನೂ ಹದಿನೈದು ದಿನಕ್ಕೊಮ್ಮೆ ಫೋಟೋ ತೆಗೆದು ಫೈಲಿಗೆ ಹಾಕುವುದು ನನ್ನ ಕೆಲಸ. ಸರ್ಜನ್ ಡಾಕ್ಟರಮ್ಮ ಇರುವುದು ಇಲ್ಲಿಂದ ನಾಲ್ಕು ಗಂಟೆ ದಾರಿಯ ದೊಡ್ಡ ಆಸ್ಪತ್ರೆಯಲ್ಲಿ. ಇಲ್ಲಿಗೆ ಬರುವುದು ಮೂರು ತಿಂಗಳಿಗೊಂದು ಸಲ. ಮಿಕ್ಕ ದಿನಗಳಲ್ಲಿ ನಾನು ಕಳಿಸುವ ಫೋಟೋ ನೋಡಿಯೇ ಯಾರಿಗೆ ಮತ್ತೆ ಆಪರೇಷನ್ ಬೇಕು, ಯಾರಿಗೆ ಬೇಡ ಎಂದು ತೀರ್ಮಾನ ಮಾಡುತ್ತಾರೆ.

ಹಾಗಿರುವಾಗ ನನಗೆ ಕೊಟ್ಟಿರುವ ಕ್ಯಾಮರಾ ನೋಡಬೇಕು ನೀನು! ಮುಖದ ಹತ್ತಿರ ಹಿಡಿದರೆ ಮೂಗು ಬದನೆಕಾಯಿ ಗಾತ್ರ ಬರುತ್ತದೆ, ಕಿವಿ ಮಾಯ. ಟ್ಯೂಬ್‌ಲೈಟಿನಲ್ಲಿ ಕೆಂಪು ಕಂದಾಗುತ್ತದೆ, ಕಂದು ಕಪ್ಪಾಗುತ್ತದೆ. ಗಾಯಕ್ಕೆ ಬಣ್ಣವೇ ಪ್ರಾಣ ಅಪ್ಪ. ಕೆಂಪಿದ್ದರೆ ಬದುಕಿದೆ, ಕಪ್ಪಾದರೆ ಸತ್ತಿದೆ. ಹೊಸ ಲೆನ್ಸು, ಎರಡು ದೀಪ, ಗಟ್ಟಿ ಸ್ಟ್ಯಾಂಡು ಬೇಕೆಂದು ಪಟ್ಟಿ ಬರೆದು ಕೊಟ್ಟಿದ್ದೇನೆ. ಬಂದು ಒಂದೂವರೆ ತಿಂಗಳಿಗೇ ಪಟ್ಟಿ ಕೊಟ್ಟಳು ಎಂದು ಆಫೀಸಿನವರು ಹುಬ್ಬು ಹಾರಿಸಿದರು. ಅಕ್ಟೋಬರ್ ಮಧ್ಯದವರೆಗೆ ನನ್ನದು ಪರೀಕ್ಷೆಯ ಕಾಲ. ಆಮೇಲೆ ಡಾಕ್ಟರಮ್ಮ ಸರಿ ಎಂದರೆ ಕಾಯಂ, ಇಲ್ಲವೆಂದರೆ ಗಂಟುಮೂಟೆ.

ಪಟ್ಟಿ ಕೊಟ್ಟದ್ದು ತಪ್ಪಾ? ನೀನೇನು ಹೇಳುತ್ತೀಯೋ ಗೊತ್ತು, ಆದರೂ ಕೇಳುತ್ತಿದ್ದೇನೆ.

ನಿನ್ನ,
ಕುಳ್ಳಿ


ಜೂನ್ 14

ಕುಳ್ಳೀ,

ಕಾಗದ ಬಂತು. ಓದಿದೆ, ನಕ್ಕೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ನನ್ನ ಮೊದಲ ಕ್ಯಾಮರಾದ ಮುಂದಿನ ಮಡಿಕೆ ಮಡಿಕೆ ತೊಗಲಿಗೆ ಮೂರು ತೂತು ಇದ್ದವು. ಸೈಕಲ್ ಟ್ಯೂಬಿನ ತೇಪೆ ಹಾಕಿ ಹನ್ನೊಂದು ವರ್ಷ ನಡೆಸಿದೆ. ಈ ಊರಿನ ಅರ್ಧ ಜನರ ಮುಖ ಆ ತೇಪೆಯ ಹಿಂದಿನಿಂದ ಬಂದದ್ದು. ಒಬ್ಬನಾದರೂ "ನಿಮ್ಮ ಲೆನ್ಸು ಯಾವ್ದು" ಎಂದು ಕೇಳಲಿಲ್ಲ. ಎಲ್ಲರೂ ಕೇಳಿದ್ದು ಒಂದೇ, "ನಾನು ಚೆನ್ನಾಗಿ ಬಂದಿದೀನಾ?" ಎದುರಿನ ಜೆರಾಕ್ಸ್ ಅಂಗಡಿಯ ಹುಡುಗಿ ಹೋದ ತಿಂಗಳು ತೋಳಿನಷ್ಟು ಉದ್ದದ ಲೆನ್ಸಿನ ಕ್ಯಾಮರಾ ತಂದಿದ್ದಾಳೆ. ಅವಳ ಹತ್ತಿರ ಫೋಟೋ ತೆಗೆಸಿಕೊಂಡವರೆಲ್ಲ ಪೊಲೀಸರು ಹಿಡಿದುಕೊಂಡು ಬಂದ ಹಾಗೆ ಕಾಣುತ್ತಾರೆ. ಚರ್ಮದ ಒಂದೊಂದು ತೂತೂ ಎಣಿಸಬಹುದು. ಮನುಷ್ಯ ಮಾತ್ರ ಇರುವುದಿಲ್ಲ.

ನಿನಗೆ ನಾನು ಕಲಿಸಿದ್ದು ಮರೆತುಹೋಯಿತೇನು? ಬಾಗಿಲಿನಿಂದ ಸ್ಟೂಲಿಗೆ ನಾಲ್ಕು ಹೆಜ್ಜೆ. ಗಿರಾಕಿ ಆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮುಖ ಓದಿ ಮುಗಿದಿರಬೇಕು. ಯಾವ ಕಡೆ ಚೆನ್ನ, ಯಾವ ಕಡೆ ಬೇಡ, ಏನು ತೋರಿಸಬೇಕು, ಏನು ಮುಚ್ಚಬೇಕು. ಆಮೇಲೆ "ಗದ್ದ ಸ್ವಲ್ಪ ಕೆಳಗೆ, ಭುಜ ಸಡಿಲ, ಇಲ್ಲಿ ನೋಡಿ", ಅಷ್ಟೆ. ಕತ್ತು ಗಿಡ್ಡ ಇರುವವರನ್ನು ಸೊಂಟದಿಂದ ಹಿಂದಕ್ಕೆ ಬಾಗಿಸುವುದು. ಕಣ್ಣಿನ ಕೆಳಗೆ ಗುಂಡಿ ಇದ್ದವರಿಗೆ ಮಡಿಲಲ್ಲಿ ಬಿಳಿ ರಟ್ಟು, ಕೆಳಗಿನಿಂದ ಬೆಳಕು ಚಿಮ್ಮಿ ನೆರಳು ಅಳಿಸಲಿ ಎಂದು. ಒಂದು ರಟ್ಟು, ಒಂದು ಕಿಟಕಿ, ಎರಡು ಕಣ್ಣು. ಇದರ ಮುಂದೆ ಯಾವ ಸಾಮಾನು ಎಷ್ಟರದು?

ನನಗೆ ಆರೋಗ್ಯ ಚೆನ್ನಾಗಿದೆ. ಮಂಡಿ ಬಿಟ್ಟು.

ಅಪ್ಪ


ಜುಲೈ 9

ಅಪ್ಪಾ,

ಸಾಮಾನು ಬಂತು! ಹುಬ್ಬು ಹಾರಿಸಿದ ಆಫೀಸಿನವರೇ ಬಂದು ಪೆಟ್ಟಿಗೆ ಬಿಚ್ಚುವುದನ್ನು ನಿಂತು ನೋಡಿದರು. ಈಗ ಮೂಗು ಮೂಗಿನಷ್ಟೇ ಇದೆ, ಕೆಂಪು ಕೆಂಪಾಗಿದೆ. ನಿನ್ನ ನೆಲ ಡೊಂಕಿನ ಗಾದೆಗೆ ನನ್ನ ಉತ್ತರ ಏನೆಂದರೆ, ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು.

ನಿನ್ನ ಸ್ಟುಡಿಯೋದಲ್ಲಿ ಒಂದು ಮುಖ ಒಂದು ಸಲ ಚೆನ್ನಾಗಿ ಬಂದರೆ ಸಾಕು. ಇಲ್ಲಿ ಒಂದೇ ಗಾಯ ಹತ್ತು ಸಲವೂ ಒಂದೇ ರೀತಿ ಬರಬೇಕು. ಆಗಲೇ ಅದು ಬೆಳೆಯಿತೋ ಕುಗ್ಗಿತೋ ತಿಳಿಯುವುದು. ಸ್ಟೂಲಿಗೂ ಕ್ಯಾಮರಾಗೂ ಎಷ್ಟು ದೂರ ಎಂದು ನೆಲಕ್ಕೆ ಪಟ್ಟಿ ಅಂಟಿಸಿದ್ದೇನೆ. ಗಾಯದ ಪಕ್ಕದಲ್ಲಿ ಪುಟ್ಟ ಸ್ಕೇಲು, ಬಣ್ಣದ ಕಾರ್ಡು. ಕುತ್ತಿಗೆಯ ಗಾಯವಾದರೆ ನೇರ ಒಂದು, ಎಡ ಬಲ ಎರಡು, ಕೊನೆಗೆ ಗದ್ದ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಎತ್ತಿಸಿ ಇನ್ನೊಂದು. ದೀಪ ಒಂದು ಪಕ್ಕದಿಂದಲೇ ಬೀಳಬೇಕು, ಉಬ್ಬು ತಗ್ಗು ನೆರಳಿನಲ್ಲಿ ಕಾಣಬೇಕು. ಎಲ್ಲಕ್ಕೂ ನಿಯಮ.

ಆದರೂ ನಿನ್ನ ಮಗಳು ನಿನ್ನ ಮಗಳೇ. ಕೇಳು. ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬರು ಬರುತ್ತಾರೆ, ಎಲ್ಲರೂ ಅವರನ್ನು ಬೇಕರಿಯಮ್ಮ ಎನ್ನುತ್ತಾರೆ. ಕುದಿಯುವ ಸಕ್ಕರೆ ಪಾಕ ಚೆಲ್ಲಿ ಗದ್ದದ ಕೆಳಗೆ, ಕುತ್ತಿಗೆ ಪೂರ್ತಿ ಸುಟ್ಟಿತ್ತು. ತೊಡೆಯ ಚರ್ಮ ತೆಗೆದು ಕುತ್ತಿಗೆಗೆ ಹಾಕಿದ್ದಾರೆ. ಅವರು ಮನೆಯ ಕನ್ನಡಿಗೆಲ್ಲ ಬಟ್ಟೆ ಮುಚ್ಚಿದ್ದಾರಂತೆ. ಮೊನ್ನೆ ಸ್ಟೂಲಿನ ಮೇಲೆ ಕೂತು, "ಇದನ್ನ ಯಾರ್ಯಾರು ನೋಡ್ತಾರೆ ಮೇಡಂ?" ಎಂದು ಕೇಳಿದರು. ಕೇಳುತ್ತಲೇ ಸೆರಗು ಎಳೆದು ಕುತ್ತಿಗೆ ಮುಚ್ಚಿಕೊಂಡರು. ನನಗೆ ತಡೆಯಲಾಗಲಿಲ್ಲ. ಔಷಧಿ ಪೆಟ್ಟಿಗೆಯ ಬಿಳಿ ರಟ್ಟು ಹರಿದು ಅವರ ಮಡಿಲಲ್ಲಿಟ್ಟೆ. "ಗದ್ದ ಸ್ವಲ್ಪ ಕೆಳಗೆ, ಭುಜ ಸಡಿಲ" ಎಂದೆ. ಮೇಲೆ ನೋಡುವ ಫೋಟೋಗೆ ಕತ್ತು ನೋಯುತ್ತದೆ ಎಂದರು, ಸೊಂಟದಿಂದ ಹಿಂದಕ್ಕೆ ಬಾಗಿ ಎಂದೆ. ಸ್ಕೇಲು, ಕಾರ್ಡು ಎಲ್ಲ ಇಟ್ಟೇ ತೆಗೆದೆ. ಕ್ಯಾಮರಾದ ಪರದೆಯ ಮೇಲೆ ನೋಡಿ ಅವರು, "ಅಯ್ಯೋ, ಇದು ನಾನೇನಾ?" ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಎರಡು ತಿಂಗಳಿನಿಂದ ಅವರು ನಕ್ಕದ್ದನ್ನು ಯಾರೂ ನೋಡಿರಲಿಲ್ಲವೆಂದು ಕಟ್ಟು ಬದಲಿಸುವ ಸಿಸ್ಟರ್ ಹೇಳಿದರು. ಒಂದು ಪ್ರತಿ ಮಾಡಿ ಅವರಿಗೆ ಕೊಟ್ಟೆ.

ಸಾಮಾನೂ ಬೇಕು, ಕಣ್ಣೂ ಬೇಕು. ಇಬ್ಬರೂ ಗೆದ್ದೆವು ಎಂದುಕೊಳ್ಳೋಣವೇ?

ಕುಳ್ಳಿ


ಜುಲೈ 20

ಕುಳ್ಳೀ,

ಇಬ್ಬರೂ ಗೆದ್ದದ್ದಲ್ಲ, ನಾನು ಗೆದ್ದದ್ದು. ಆ ಹೆಂಗಸನ್ನು ನಗಿಸಿದ್ದು ಯಾವುದು? ನಿನ್ನ ಹೊಸ ಲೆನ್ಸೋ, ಔಷಧಿ ಪೆಟ್ಟಿಗೆಯ ರಟ್ಟೋ?

ನಿನ್ನ ಕಾಗದವನ್ನು ಜೆರಾಕ್ಸ್ ಹುಡುಗಿಗೆ ಓದಿ ಹೇಳಿದೆ. "ಅಂಕಲ್, ನಿಮ್ಮ ಮಗಳು ಡಾಕ್ಟರಿಗಿಂತ ಮೊದಲು ವಾಸಿ ಮಾಡ್ತಾಳೆ" ಎಂದಳು. ಎದೆ ಉಬ್ಬಿತು. ಉಬ್ಬಿದ್ದಕ್ಕೆ ಒಂದು ಗುಂಡಿಯೂ ಕಿತ್ತುಹೋಯಿತು, ಅದು ಬೇರೆ ವಿಷಯ.

ಮಂಡಿ ಹಾಗೇ ಇದೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಅಪ್ಪ


ಆಗಸ್ಟ್ 28

ಅಪ್ಪಾ,

ಬರೆಯುವುದಕ್ಕೆ ಕೂತು ಮೂರು ದಿನವಾಯಿತು.

ಸೋಮವಾರ ಮಧ್ಯಾಹ್ನ ಆಸ್ಪತ್ರೆಯ ಟೀ ಅಂಗಡಿಯ ಹತ್ತಿರ ಬೇಕರಿಯಮ್ಮನನ್ನು ನೋಡಿದೆ. ಅವರು ನನ್ನನ್ನು ನೋಡಿರಲಿಲ್ಲ. ಯಾರೋ ಕರೆದರು. ಕುತ್ತಿಗೆ ತಿರುಗಿಸುವ ಬದಲು ಇಡೀ ಮೈ ತಿರುಗಿಸಿದರು. ಟೀ ಕುಡಿಯುತ್ತ ಕೊನೆಯ ಗುಟುಕಿಗೆ ಬಂದಾಗ ತಲೆ ಮೇಲೆತ್ತಲಿಲ್ಲ. ಲೋಟ ತುಟಿಗಿಟ್ಟುಕೊಂಡು ಸೊಂಟದಿಂದ ಹಿಂದಕ್ಕೆ ಬಾಗಿದರು. ನಾನು ಹೇಳಿಕೊಟ್ಟ ಹಾಗೇ ಅಪ್ಪ. ಬಾಗಿ, ಕುಡಿದು, ನೆಟ್ಟಗಾಗಿ, ಲೋಟ ಇಟ್ಟರು.

ಓಡಿಬಂದು ಫೈಲು ತೆಗೆದೆ. ಡಾಕ್ಟರಮ್ಮ ಜುಲೈ ಫೋಟೋದ ಕೆಳಗೆ ಬರೆದಿದ್ದಾರೆ: "ಚೆನ್ನಾಗಿ ಮಾಗಿದೆ. ಗದ್ದ ಪೂರ್ತಿ ಮೇಲೇಳುತ್ತಿದೆ. ಮೂರು ತಿಂಗಳ ನಂತರ ನೋಡೋಣ, ಅಲ್ಲಿಯವರೆಗೆ ಫೋಟೋ ಬೇಡ." ಚರ್ಮ ಗಂಟುಗಟ್ಟಿ ಎಳೆಯುತ್ತಿರುವುದು ಆ ಫೋಟೋದಲ್ಲಿಲ್ಲ. ಇರುವುದಾದರೂ ಹೇಗೆ? ಉಬ್ಬು ಕಾಣಬೇಕಾದ ನೆರಳನ್ನು ರಟ್ಟು ಇಟ್ಟು ನಾನೇ ಅಳಿಸಿದ್ದೆ. ಮೇಲೇಳದ ಗದ್ದವನ್ನು ಸೊಂಟ ಬಾಗಿಸಿ ನಾನೇ ಮೇಲೆತ್ತಿದ್ದೆ. ಈಗ ಎಳೆತ ಹೆಚ್ಚಿದೆ. ಬೇಗ ಬಿಡಿಸದಿದ್ದರೆ ಗದ್ದ ಎದೆಗೆ ಅಂಟಿದ ಹಾಗಾಗುತ್ತದೆ ಎಂದು ಸಿಸ್ಟರ್ ಮೆಲ್ಲಗೆ ಹೇಳಿದರು. ಫೋಟೋದ ವಿಷಯ ಅವರಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ಹಳೆಯ ಕ್ಯಾಮರಾದಲ್ಲಿ ತೆಗೆದಿದ್ದರೆ ಡಾಕ್ಟರಮ್ಮ ನಂಬುತ್ತಿರಲಿಲ್ಲ, "ಸರಿ ಬಂದಿಲ್ಲ, ಇನ್ನೊಮ್ಮೆ ತೆಗೀರಿ" ಎಂದು ವಾಪಸು ಕಳಿಸುತ್ತಿದ್ದರು. ಈ ಫೋಟೋ ಎಷ್ಟು ಸ್ವಚ್ಛವಾಗಿದೆಯೆಂದರೆ ಚರ್ಮದ ಗೆರೆ ಎಣಿಸಬಹುದು. ಸ್ಕೇಲಿನ ಮಿಲಿಮೀಟರ್ ಓದಬಹುದು. ಒಳ್ಳೆಯ ಸಾಮಾನಿನಲ್ಲಿ ಸುಳ್ಳೂ ಒಳ್ಳೆಯದಾಗಿ ಬರುತ್ತದೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ಈಗ ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಆ ಹೆಂಗಸಿನ ಕುತ್ತಿಗೆ ಹೋಗುತ್ತದೆ. ಏನು ಮಾಡಲಿ ಎಂದು ಕೇಳುತ್ತಿಲ್ಲ, ಏನು ಮಾಡಬೇಕೆಂದು ಗೊತ್ತಿದೆ. ಹೆದರಿಕೆಯಾಗುತ್ತಿದೆ. ಒಂದು ಮಾತು ಬರೆ.

ಕುಳ್ಳಿ


ಸೆಪ್ಟೆಂಬರ್ 2

ಕುಳ್ಳೀ,

ಓದಿದ ಕೂಡಲೇ ಬರೆಯುತ್ತಿದ್ದೇನೆ. ಮೊದಲು ಧೈರ್ಯ ತಂದುಕೋ. ಎಡವದವರು ಯಾರು?

ಹೀಗೆ ಮಾಡು. ಆ ಅಮ್ಮನನ್ನು ನಾಳೆಯೇ ಕರೆಸು. ನಿಯಮದ ಪ್ರಕಾರ ಹೊಸದಾಗಿ ಫೋಟೋ ತೆಗೆ. ಜೊತೆಗೆ ಒಂದು ಚೀಟಿ ಬರೆ: ಹೊಸ ದೀಪ ಆಗ ತಾನೇ ಬಂದಿತ್ತು, ಹೊಂದಿಸುವುದು ಸರಿಯಾಗಿರಲಿಲ್ಲ, ಬೆಳಕು ಜಾಸ್ತಿ ಬಿದ್ದು ಉಬ್ಬು ಮುಚ್ಚಿಹೋಗಿತ್ತು, ಈಗ ಸರಿಪಡಿಸಿದ್ದೇನೆ. ಅಷ್ಟೆ. ರಟ್ಟಿನ ಸುದ್ದಿ ಎತ್ತಬೇಡ, ಸೊಂಟದ ಸುದ್ದಿ ಎತ್ತಬೇಡ. ಯಂತ್ರದ ತಲೆಗೆ ಕಟ್ಟು. ಅದಕ್ಕೆ ಮಾನ ಮರ್ಯಾದೆ ಇಲ್ಲ, ಅಳುವುದೂ ಇಲ್ಲ, ಅದರ ಕೆಲಸವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಆ ಅಮ್ಮನಿಗೂ ಒಳ್ಳೆಯದಾಯಿತು, ನಿನಗೂ ಒಳ್ಳೆಯದಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಹೇಳಿದ ಹಾಗೆ ಮಾಡು. ಮಾಡಿ ಫೋನ್ ಮಾಡು.

ಅಪ್ಪ


ಸೆಪ್ಟೆಂಬರ್ 11

ಅಪ್ಪಾ,

ಫೋನ್ ಮಾಡಲಿಲ್ಲ. ನೀನು ಮಾಡಿದಾಗ ಎತ್ತಲಿಲ್ಲ.

ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಕ್ಕವನು ನೀನೇ ತಾನೆ? ಹುಟ್ಟಿದಾಗಿನಿಂದ ನನ್ನ ಕಿವಿ ತೂತಾಗುವಷ್ಟು ಹೇಳಿದ್ದೀಯ, ಕೆಟ್ಟ ಫೋಟೋಗೆ ಕ್ಯಾಮರಾ ಕಾರಣವಲ್ಲ, ಹಿಂದೆ ನಿಂತವನು ಕಾರಣ ಎಂದು. ಮೊದಲ ಸಲ ನಿಜವಾಗಿಯೂ ಹಿಂದೆ ನಿಂತವಳು ಕಾರಣಳಾದಾಗ ದೀಪದ ಮೇಲೆ ಹಾಕು ಎನ್ನುತ್ತೀಯಲ್ಲ! ದೀಪ ಸರಿಯಿಲ್ಲ ಎಂದು ಬರೆದರೆ ಆ ದೀಪದಲ್ಲಿ ತೆಗೆದ ಮಿಕ್ಕ ನಲವತ್ತು ಜನರ ಫೋಟೋವನ್ನೂ ಡಾಕ್ಟರಮ್ಮ ನಂಬಬಾರದು. ಅದನ್ನು ಯೋಚಿಸಿದೆಯಾ?

ನಿನ್ನ ಕಾಗದ ಬಂದ ದಿನವೇ ಡಾಕ್ಟರಮ್ಮನಿಗೆ ಬರೆದೆ. ರಟ್ಟು, ಗದ್ದ, ಸೊಂಟ, ಎಲ್ಲ. ಫೋನ್ ಬಂತು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಅವ್ರನ್ನ ಬೇಗ ನನ್ನ ಹತ್ರ ಕಳಿಸಬೇಕು. ಅದಕ್ಕೆ ಮುಂಚೆ ಸರಿಯಾದ ಫೋಟೋ ಬೇಕು, ಎಲ್ಲಿ ಕೊಯ್ಯಬೇಕು ಅಂತ ಅದನ್ನ ನೋಡೇ ಗುರುತು ಹಾಕ್ಕೊಳ್ಳೋದು. ನೀವೇ ತೆಗೀಬೇಕು. ನಿಮ್ಮ ಕೆಲಸದ ಮಾತು ಆ ಫೋಟೋ ನೋಡಿದ ಮೇಲೆ" ಎಂದರು.

ಆದರೆ ಬೇಕರಿಯಮ್ಮ ಒಪ್ಪುತ್ತಿಲ್ಲ. ಎರಡು ಸಲ ಮನೆಗೆ ಹೋದೆ. ನಾನು ಕೊಟ್ಟ ಪ್ರತಿಗೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ. ಬಟ್ಟೆ ಮುಚ್ಚಿದ ಕನ್ನಡಿಯ ಪಕ್ಕದಲ್ಲೇ. "ಇಷ್ಟು ಚೆನ್ನಾಗಿದೀನಲ್ಲ, ಮತ್ತೆ ಯಾಕೆ ಕುಯ್ಯಬೇಕು? ಸ್ವಲ್ಪ ಬಿಗಿ ಇದೆ, ಎಣ್ಣೆ ಹಚ್ಚಿದ್ರೆ ಸರಿಹೋಗತ್ತೆ" ಎನ್ನುತ್ತಾರೆ. ಆ ಫೋಟೋ ಸುಳ್ಳು ಎಂದೆ. "ಫೋಟೋ ಹೆಂಗೆ ಸುಳ್ಳು ಹೇಳತ್ತೆ ಮೇಡಂ?" ಎಂದು ಕೇಳಿ ಬಾಗಿಲು ಹಾಕಿಕೊಂಡರು.

ಇನ್ನೊಂದು ಇದೆ. ಮೊದಲೇ ಬರೆಯಬೇಕೆಂದಿದ್ದೆ, ಕೈ ಬರಲಿಲ್ಲ.

ಮನೆ ಬಿಟ್ಟು ಇಲ್ಲಿನ ಹಾಸ್ಟೆಲಿಗೆ ಬರುವಾಗ ಅಮ್ಮನ ಫೋಟೋಗಳನ್ನು ತಂದಿದ್ದೆ. ಪ್ರತಿ ವರ್ಷ ನಿಮ್ಮ ಮದುವೆಯ ದಿನ ನೀನು ಸ್ಟುಡಿಯೋದಲ್ಲಿ ತೆಗೆದವು, ಹನ್ನೊಂದು. ಭಾನುವಾರ ಅವನ್ನು ಮಂಚದ ಮೇಲೆ ಸಾಲಾಗಿ ಇಟ್ಟೆ. ಇಲ್ಲಿ ದಿನಾ ಮಾಡುವ ಕೆಲಸ ತಾನೆ, ಒಬ್ಬರದೇ ಫೋಟೋ ಸಾಲಾಗಿ ಇಟ್ಟು ನೋಡುವುದು. ಏಳನೆಯ ವರ್ಷದವರೆಗೆ ಅಮ್ಮ ನೇರವಾಗಿ ಕೂತಿದ್ದಾಳೆ, ಬೆಳಕು ಕಿಟಕಿಯಿಂದ, ಕುತ್ತಿಗೆಯ ಮೇಲೆ ಸಹಜವಾದ ನೆರಳು. ಎಂಟನೆಯದರಲ್ಲಿ ಮುಖ ಒಂಚೂರು ಬಲಕ್ಕೆ. ಗದ್ದ ಕೆಳಗೆ. ಕೆಳಗಿನಿಂದ ರಟ್ಟಿನ ಬೆಳಕು. ಒಂಬತ್ತರಲ್ಲಿ ಇನ್ನೂ ಬಲಕ್ಕೆ. ಹತ್ತು, ಹನ್ನೊಂದರಲ್ಲಿ ಕುತ್ತಿಗೆಯಲ್ಲಿ ಒಂದು ಗೆರೆಯೂ ಇಲ್ಲ, ಹಾಲಿನ ಹಾಗೆ ಬೆಳ್ಳಗೆ. ಅಳೆದು ನೋಡೋಣವೆಂದರೆ ಅಳೆಯುವುದಕ್ಕೆ ಏನೂ ಉಳಿದಿಲ್ಲ. ಮುಚ್ಚಲು ಬಲ್ಲವರಿಗೆ ಮಾತ್ರ ಕಾಣುವ ಮರೆ ಅದು.

ಅಮ್ಮ ಹೋದಾಗ ನನಗೆ ಒಂಬತ್ತು. ಕುತ್ತಿಗೆಯ ಗಂಟು ಇದ್ದಕ್ಕಿದ್ದಂತೆ ಬಂತು, ಎರಡೇ ತಿಂಗಳಲ್ಲಿ ಎಲ್ಲ ಮುಗಿಯಿತು ಎಂದು ನೀನು ಹೇಳಿದ್ದೆ. ನಾನೂ ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದೇನೆ.

ಅಪ್ಪ, ನಿನಗೆ ಗೊತ್ತಿತ್ತಾ? ಕೊನೆಯ ಎರಡು ವರ್ಷ ಅಮ್ಮನ ಕಾಲ ಹತ್ತಿರ ಕೂತು ಆ ರಟ್ಟು ಹಿಡಿದವಳು ನಾನು. "ಇನ್ನೂ ಸ್ವಲ್ಪ ಮೇಲೆ ಹಿಡಿ ಕುಳ್ಳಿ, ಹಾಂ, ಈಗ ಸರಿ" ಎಂದಿದ್ದೆ ನೀನು.

ಉತ್ತರ ಬರೆ.


ಅಕ್ಟೋಬರ್ 5

ಮಗಳೇ,

ಗೊತ್ತಿತ್ತು.

ಈ ಒಂದು ಪದ ಬರೆಯುವುದಕ್ಕೆ ಇಷ್ಟು ದಿನ ಬೇಕಾಯಿತು. ಎಷ್ಟೋ ಹಾಳೆ ಹರಿದೆ.

ಎಂಟನೆಯ ವರ್ಷ. ನಿಮ್ಮಮ್ಮ ಬಂದು ಸ್ಟೂಲಿನ ಮೇಲೆ ಕೂತಳು. ನಾನು ಕರಿಬಟ್ಟೆಯೊಳಗೆ ತಲೆ ಹಾಕಿ ನೋಡಿದೆ. ಬಲಗಡೆ, ಕುತ್ತಿಗೆಯ ಬುಡದಲ್ಲಿ, ಹಿಂದಿನ ವರ್ಷ ಇಲ್ಲದ ಒಂದು ನೆರಳು. ಕಡಲೆಯಷ್ಟು. ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ನನಗೆ ಕಂಡಿತು, ಅವಳ ಮುಖದ ನೆರಳೆಲ್ಲ ನನಗೆ ಬಾಯಿಪಾಠವಾಗಿತ್ತು. ಬಟ್ಟೆಯಿಂದ ಹೊರಗೆ ಬಂದು, "ಇದೇನೇ ಇದು?" ಎಂದು ಕೇಳಬಹುದಿತ್ತು. ಹತ್ತಿರ ಹೋಗಿ ಮುಟ್ಟಿ ನೋಡಬಹುದಿತ್ತು. ನಾನು ರಟ್ಟು ತಂದಿಟ್ಟೆ. "ಗದ್ದ ಸ್ವಲ್ಪ ಕೆಳಗೆ" ಎಂದೆ. ಅಭ್ಯಾಸಬಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅಭ್ಯಾಸವಲ್ಲ, ಹೆದರಿಕೆ. ಕಾಣದಿದ್ದರೆ ಇಲ್ಲ ಎಂದುಕೊಂಡೆ. ಫೋಟೋ ನೋಡಿ ಅವಳು, "ಈ ಸಲ ಚೆನ್ನಾಗಿ ಬಂದಿದೀನಿ ಅಲ್ವಾ?" ಎಂದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಾಲ್ಕು ವರ್ಷ.

ಕೊನೆಗೆ ನುಂಗುವುದು ಕಷ್ಟವಾದಾಗ ಹೋದೆವು. ಡಾಕ್ಟರು ಕೇಳಿದರು, "ಇದು ಎಷ್ಟು ದಿನದಿಂದ ಇದೆ?" ಅವಳು ನನ್ನ ಮುಖ ನೋಡಿದಳು. ನಾನು "ಎರಡು ತಿಂಗಳು" ಎಂದೆ. ಅವರು ಅದನ್ನೇ ಬರೆದುಕೊಂಡರು. "ಹಳೇ ಫೋಟೋ ಏನಾದ್ರೂ ಇದ್ರೆ ತನ್ನಿ, ಹೇಗೆ ಬೆಳೀತು ಅಂತ ನೋಡಬಹುದು" ಎಂದರು. ಫೋಟೋಗ್ರಾಫರನ ಹೆಂಡತಿ! ಮನೆಗೆ ಬಂದು ಡ್ರಾಯರ್ ಎಳೆದೆ. ವರ್ಷಕ್ಕೊಂದು ಫೋಟೋ, ಒಂದಕ್ಕಿಂತ ಒಂದು ಚೆಂದ. ಒಂದೂ ಕೆಲಸಕ್ಕೆ ಬರುವಂಥದಲ್ಲ.

ಸಾಮಾನು ಏನೂ ಅಲ್ಲ, ಕಣ್ಣೇ ಎಲ್ಲ ಎಂದು ನಾನು ಯಾಕೆ ಅಷ್ಟು ಜಗಳ ಆಡುತ್ತಿದ್ದೆ ಎಂದು ಈಗಲಾದರೂ ನಿನಗೆ ತಿಳಿಯಬೇಕು. ಒಂದು ದಡ್ಡ ಕ್ಯಾಮರಾ, ಪ್ರೀತಿ ಗೀತಿ ಗೊತ್ತಿಲ್ಲದ್ದು, ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದಿದ್ದರೆ, ಅದು ಆ ಗಂಟನ್ನು ನಾಲ್ಕು ವರ್ಷವೂ ಬಿಡದೆ ತೆಗೆಯುತ್ತಿತ್ತು. ಅದಕ್ಕೆ ಮುಚ್ಚಲು ಬರುತ್ತಿರಲಿಲ್ಲ. ಯಂತ್ರ ದೊಡ್ಡದು ಎಂದು ಒಪ್ಪಿದರೆ ಇದನ್ನೂ ಒಪ್ಪಬೇಕಾಗುತ್ತಿತ್ತು. ಅದಕ್ಕೇ ಜೆರಾಕ್ಸ್ ಹುಡುಗಿಯ ಮೇಲೆ ಹಾರಾಡಿದೆ, ನಿನ್ನ ಮೇಲೆ ಗಾದೆ ಎಸೆದೆ. ನನ್ನ ಕಣ್ಣು ಚೆನ್ನಾಗಿಯೇ ಇತ್ತು ಮಗಳೇ, ಕಂಡದ್ದನ್ನು ಕೈ ಅಳಿಸಿತು.

ಮತ್ತೆ ಸೆಪ್ಟೆಂಬರಿನಲ್ಲಿ ನಿನಗೆ ಬರೆದದ್ದೂ ಅದೇ "ಎರಡು ತಿಂಗಳು" ಎನ್ನುವ ಸುಳ್ಳು, ಬೇರೆ ಮಾತಿನಲ್ಲಿ. ನೀನು ಕೇಳಲಿಲ್ಲ. ನನಗಿಂತ ಗಟ್ಟಿ ನೀನು.

ನೀನು ಹಿಡಿದದ್ದು ರಟ್ಟು ಮಾತ್ರ. ಅಪ್ಪ ಹೇಳಿದ ಅಂತ ಹಿಡಿದೆ. ಅದರ ಪಾಪ ನಿನಗೆ ಒಂದು ಕೂದಲಿನಷ್ಟೂ ಇಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಬರೆದುಕೊಡುತ್ತೇನೆ.

ಅಪ್ಪ


ಅಕ್ಟೋಬರ್ 19

ಅಪ್ಪಾ,

ನಿನ್ನ ಕಾಗದ ಓದಿದೆ. ಕೋಪ ಇದೆ. ಎಷ್ಟು ದಿನ ಇರುತ್ತದೋ ಹೇಳಲಾರೆ. ಅದು ಹೋಗುವವರೆಗೆ ಕಾಯಬೇಡ, ಬರೆಯುತ್ತಿರು. ನಾನೂ ಬರೆಯುತ್ತೇನೆ. ಇವತ್ತು ಬರೆಯುತ್ತಿರುವುದು ನಿನ್ನೆ ನಡೆದದ್ದನ್ನು ಹೇಳುವುದಕ್ಕೆ. ಅದನ್ನು ನೀನಲ್ಲದೆ ಬೇರೆ ಯಾರಿಗೆ ಹೇಳಲಿ?

ನನ್ನ ಪರೀಕ್ಷೆಯ ಕಾಲ ಮುಗಿಯಿತು, ಡಾಕ್ಟರಮ್ಮ ಇನ್ನೂ ಆ ಫೋಟೋಗೇ ಕಾಯುತ್ತಿದ್ದಾರೆ. ಬೇಕರಿಯಮ್ಮನ ಮನೆಗೆ ಆರನೆಯ ಸಲ ಹೋಗಿದ್ದೆ. ಕ್ಯಾಮರಾ, ದೀಪ, ಸ್ಕೇಲು ಎಲ್ಲ ಹೊತ್ತುಕೊಂಡೇ ಹೋದೆ. ಬಾಗಿಲು ತೆಗೆದರು, ಒಳಗೆ ಕರೆದರು, ಫೋಟೋ ಮಾತ್ರ ಬೇಡ ಎಂದರು. "ನನ್ನ ಚೆನ್ನಾಗಿ ತೆಗೆದವ್ರೂ ನೀವೇ. ಈಗ ಕೆಟ್ಟದಾಗಿ ತೆಗೀಬೇಕು ಅಂತ ಬಂದವ್ರೂ ನೀವೇ. ಒಂದು ದಿನ ಒಂದು ಮಾತು ಆಡ್ತೀರಲ್ಲ, ನಿಮಗೆ ನಾಚ್ಕೆ ಆಗಲ್ವಾ?" ಎಂದರು. ಆಗುತ್ತದೆ ಎಂದೆ. ನಿಯಮ ಹೇಳಿ ಆಗಿತ್ತು, ಡಾಕ್ಟರಮ್ಮನ ಹೆಸರು ಹೇಳಿ ಆಗಿತ್ತು, ಕಾಲಿಗೆ ಬೀಳುವುದೊಂದು ಬಾಕಿ.

ಆಮೇಲೆ ಅವರೇ, "ನಿಮ್ಮಮ್ಮಂಗೆ ಹೀಗಾಗಿದ್ರೆ ಅವ್ರದ್ದೂ ಹೀಗೇ ತೆಗೀತಿದ್ರಾ?" ಎಂದು ಕೇಳಿದರು. ಚುಚ್ಚಬೇಕೆಂದೇ ಕೇಳಿದ್ದು.

"ನಮ್ಮಮ್ಮಂಗೂ ಕುತ್ತಿಗೇಲೇ ಇತ್ತು. ಆದ್ರೆ ಇಂಥ ಫೋಟೋ ಒಂದೂ ಇಲ್ಲ. ಎಲ್ಲಾ ಚೆನ್ನಾಗಿರೋವೇ ಇರೋದು" ಎಂದೆ.

"ಅವ್ರು ಈಗ?" ಎಂದರು. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ಎದ್ದು ಹೋಗಿ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತರು.

ದೀಪ ಪಕ್ಕದಲ್ಲಿಟ್ಟೆ. ಅಳತೆ ಪಟ್ಟಿ ಹಾಸಿ ದೂರ ಅಳೆದೆ. ನೇರ, ಎಡ, ಬಲ. ಕೊನೆಗೆ, ಬೆನ್ನು ಕುರ್ಚಿಗೆ ಒತ್ತಿಕೊಂಡು ಕೂರಿ, ಸೊಂಟ ಅಲ್ಲಾಡಬಾರದು, ಗದ್ದ ಎಷ್ಟಾಗುತ್ತೋ ಅಷ್ಟು ಮೇಲೆ ಎಂದೆ. ಎತ್ತಿದರು. ಎರಡು ಬೆರಳಿನಷ್ಟು ಮೇಲೆ ಹೋಗಿ ನಿಂತಿತು. ಕೆಳಗೆ ಚರ್ಮ ಹಗ್ಗದ ಹಾಗೆ ಬಿಗಿಯಿತು, ಕೆಳತುಟಿ ಜಗ್ಗಿ ಹಲ್ಲು ಕಂಡವು, ಕಣ್ಣಿನಲ್ಲಿ ನೀರು ಬಂತು. ನನ್ನ ಕೈ ತಾನಾಗಿಯೇ ಪಕ್ಕದಲ್ಲಿ ರಟ್ಟಿಗೆ ತಡಕಾಡಿತು ಅಪ್ಪ. ಇರಲಿಲ್ಲ, ತಂದಿರಲಿಲ್ಲ. "ತಗೊಳ್ಳಿ ಬೇಗ" ಎಂದರು ಹಲ್ಲಿನ ಸಂದಿಯಿಂದ. ತೆಗೆದೆ.

ತೋರಿಸಿ ಎಂದು ಅವರೇ ಕೇಳಿದರು. ಪರದೆಯನ್ನು ಅವರ ಕಡೆ ತಿರುಗಿಸಿದೆ. ಲೆನ್ಸು ತನ್ನ ಕೆಲಸ ಸರಿಯಾಗಿ ಮಾಡಿತ್ತು. ಗಂಟು, ಗೆರೆ, ಕೆಂಪು, ನೆರಳು, ಏನನ್ನೂ ಬಿಟ್ಟಿರಲಿಲ್ಲ. ಅವರು ಬೆರಳಿನಿಂದ ಪರದೆಯ ಮೇಲೆ ಗದ್ದದಿಂದ ಎದೆಯವರೆಗೆ ಒಂದು ಗೆರೆ ಎಳೆದರು. ಆಮೇಲೆ ಅದೇ ಬೆರಳನ್ನು ತಮ್ಮ ಕುತ್ತಿಗೆಯ ಮೇಲಿಟ್ಟುಕೊಂಡರು.

"ಹೀಗಿದೀನಾ?"

"ಹೌದು."

"ನಿಜವಾಗ್ಲೂ?"

"ಹೌದು."

ಬೆರಳು ತೆಗೆದು, "ಸರಿ. ಹಾಗಾದ್ರೆ ಕುಯ್ಯಲಿ" ಎಂದರು.

ಕುಳ್ಳಿ